ಕಾಲುಚೀಲ ಬಿಚ್ಚಿಸಿದ ಡಾಕ್ಟ್ರು

ಜುಲೈ 16, 2024, ಮಂಗಳವಾರ
ಡೊಂಬಿವಲಿ

ಇವತ್ತು ಅಪ್ಪನಿಗೆ ಡಯಾಲಿಸಿಸ್ ಇಲ್ಲ. ಸೋಮ, ಬುಧ, ಶುಕ್ರ ಥಾಣೆಗೆ ಹೋಗಿ ನಾಲ್ಕು ನಾಲ್ಕು ಗಂಟೆ ಮಲಗಿ ಬರುತ್ತಾರೆ, ಎರಡು ವರ್ಷ ಆಯಿತು. ಈ ವಾರ ಎರಡು ಸಲ ಬೆಳಗಿನ ಜಾವ ಬೆವತು ನಡುಗಿದರು. ಹೆದರಿಕೆಯಾಗಿ ನಮ್ಮ ಹಳೇ ಫ್ಯಾಮಿಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಯಾಲಿಸಿಸ್ ಶುರುವಾದ ಮೇಲೆ ಅವರ ಕಡೆ ತಲೆ ಹಾಕಿರಲಿಲ್ಲ. ದೊಡ್ಡ ಡಾಕ್ಟರು ನೋಡ್ತಿದ್ದಾರಲ್ಲ, ಇನ್ನೇನು ಬೇಕು ಅಂದುಕೊಂಡಿದ್ದೆ. ತಪ್ಪು ನನ್ನದೇ.

ಬಿಪಿ ನೋಡುವಾಗ ಅವರು ಕೇಳದೆಯೇ ಬಲಗೈ ಹಿಡಿದರು. ಎಡಗೈಯಲ್ಲಿ ಫಿಸ್ಟುಲಾ ಇದೆ, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚಲು ರಕ್ತನಾಳ ಜೋಡಿಸಿದ ಜಾಗ, ಆ ಕೈಗೆ ಬಿಪಿ ಪಟ್ಟಿ ಕಟ್ಟಬಾರದು. ಆ ಫಿಸ್ಟುಲಾ ಮೇಲೆ ಎರಡು ಬೆರಳಿಟ್ಟು, ರಕ್ತ ಝುಂ ಅನ್ನುತ್ತಿದೆಯಾ ಅಂತ ಕಣ್ಣು ಮುಚ್ಚಿ ನೋಡಿದರು. ಆಮೇಲೆ ಇನ್ಸುಲಿನ್ ಎಷ್ಟು ಅಂದರು. ಎರಡು ವರ್ಷದ ಹಿಂದಿನ ಡೋಸೇ. ಕಿಡ್ನಿ ಕೈಕೊಟ್ಟ ಮೇಲೆ ಇನ್ಸುಲಿನ್ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ, ಹಳೇ ಡೋಸ್ ತಗೊಂಡರೆ ಸಕ್ಕರೆ ತೀರಾ ಇಳಿದುಬಿಡುತ್ತದೆ ಅಂತ ಹೇಳಿ, ನಮ್ಮೆದುರೇ ಕಿಡ್ನಿ ಡಾಕ್ಟರಿಗೆ ಫೋನ್ ಮಾಡಿ ಮಾತಾಡಿ, ರಾತ್ರಿಯ ಡೋಸ್ ಇಳಿಸಿದರು.

"ರಾಯರೇ, ಸಾಕ್ಸ್ ಬಿಚ್ಚಿ."

ಎಡಗಾಲಿನ ಕಿರುಬೆರಳ ಸಂದಿಯಲ್ಲಿ ಗಾಯ. ಹುಣಸೆಬೀಜದಷ್ಟು, ಅಂಚು ಬೆಳ್ಳಗೆ, ನಡುವೆ ಒದ್ದೆ. ಅಪ್ಪನಿಗೆ ಗೊತ್ತೇ ಆಗಿಲ್ಲ, ಸಕ್ಕರೆ ಕಾಯಿಲೆಯಲ್ಲಿ ಪಾದ ಜೋಮು ಹಿಡಿದಿರುತ್ತದಲ್ವಾ. ವಾರಕ್ಕೆ ಮೂರು ಸಲ ತೂಕ ನೋಡುತ್ತಾರೆ, ರಕ್ತ ತೊಳೆಯುತ್ತಾರೆ, ಆ ಸಾಕ್ಸ್ ಮಾತ್ರ ಯಾರೂ ಬಿಚ್ಚಿಸಿರಲಿಲ್ಲ. ನಾನೂ ನೋಡಿರಲಿಲ್ಲ. ಅಲ್ಲೇ ಕೂತು ಅತ್ತುಬಿಟ್ಟೆ.

ಹೋದ ತಿಂಗಳು ಮಂಡಿ ನೋವಿಗೆ ಅಂತ ಸ್ಟೇಷನ್ ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಡೈಕ್ಲೋಫಿನ್ಯಾಕ್ ಚುಚ್ಚಿದ್ದರು. ಡಯಾಲಿಸಿಸ್ ಇದೆ ಅಂತ ಹೇಳಿದ ಮೇಲೂ. ಅಪ್ಪನಿಗೆ ದಿನಕ್ಕೆ ಒಂದೆರಡು ಲೋಟದಷ್ಟು ಮೂತ್ರ ಇನ್ನೂ ಹೋಗುತ್ತದೆ, ಅಷ್ಟಿದ್ದರೂ ನೀರು ಕುಡಿಯಲು ಸ್ವಲ್ಪ ಸಲೀಸು. ಇಂಥ ನೋವಿನ ಮದ್ದು ಅದನ್ನೂ ಕಿತ್ತುಕೊಳ್ಳಬಹುದು. ಮಂಡಿ ನೋವಿಗೆ ಸದ್ಯ ಪ್ಯಾರಾಸಿಟಮಾಲ್ ಸಾಕು ಅಂದರು. ಹೆಪಟೈಟಿಸ್ ಬಿ ಲಸಿಕೆಯ ಬಗ್ಗೆಯೂ ಕೇಳಿದರು. ಡಯಾಲಿಸಿಸ್‌ನವರಿಗೆ ಅದು ಡಬಲ್ ಡೋಸ್ ಬೇಕು, ಹಾಕಿಸಿದ್ದು ಮೈಗೆ ಹತ್ತಿದೆಯಾ ಅಂತ ರಕ್ತದಲ್ಲಿ ನೋಡಬೇಕು. ಹಾಕಿಸಿದ್ದೇನೋ ನಿಜ, ಆ ಟೆಸ್ಟ್ ಮಾಡಿಸಿಲ್ಲ. ನಾಳೆ ಥಾಣೆಯಲ್ಲಿ ಕೇಳಬೇಕು.

ನಾಳೆ ಆಷಾಢ ಏಕಾದಶಿ ಬೇರೆ. ಪಕ್ಕದ ಮನೆ ಕಾಕೂ ಪ್ರತಿ ವರ್ಷ ಸಾಬುದಾಣಾ ಖಿಚಡಿ ಕೊಡುತ್ತಾರೆ, ತುಂಬಾ ಆಲೂಗಡ್ಡೆ, ಶೇಂಗಾ. ಎರಡರಲ್ಲೂ ಪೊಟ್ಯಾಶಿಯಂ ಜಾಸ್ತಿ, ಅಪ್ಪನಿಗೆ ಅದು ಏರಿದರೆ ಹೃದಯಕ್ಕೇ ಕುತ್ತು. ಸಂಜೆಯೇ ಹೋಗಿ ಹೇಳಿ ಬಂದೆ. "ಹಾಗಾದ್ರೆ ರಾಯರಿಗೆ ಬೇರೇನೇ ಮಾಡ್ತೀನಿ, ಶೇಂಗಾ, ಬಟಾಟೆ ಹಾಕದೆ" ಅಂದರು ಕಾಕೂ. ಅಪ್ಪ ಒಳಗಿಂದಲೇ "ಮಗಾ, ಒಂದು ಹಸಿಮೆಣಸಾದ್ರೂ ಹಾಕೋಕೆ ಹೇಳು" ಅಂದರು.