ಹಬ್ಬಕ್ಕೆ ಬಾರದ ಜನಾಂಗಕ್ಕೆ ಮಳೆಯಿಲ್ಲ

ಬೈಬಲಿನಲ್ಲಿ ಜೆಕರ್ಯನ ಪ್ರವಾದನೆಯ 14ನೇ ಅಧ್ಯಾಯ ಓದುವವರು 17ನೇ ವಚನದಲ್ಲಿ ಬೆಚ್ಚುತ್ತಾರೆ. ಯೆರೂಸಲೇಮಿಗೆ ಬಂದು ಯೆಹೋವನನ್ನು ಆರಾಧಿಸದ ಕುಲಗಳಿಗೆ ಮಳೆಯಾಗದು ಎನ್ನುತ್ತದೆ ಅದು. ದಂಡನೆ ಮಳೆಯ ಮೂಲಕವೇ ಏಕೆ? ಹಿಂದಿನ ವಚನ ಹೆಸರಿಸುವ ಪರ್ಣಶಾಲೆಗಳ ಹಬ್ಬವನ್ನು, ಅಂದರೆ ಯೆಹೂದ್ಯರು ಸೊಪ್ಪಿನ ಚಪ್ಪರ ಕಟ್ಟಿ ಅದರಲ್ಲಿ ವಾಸಿಸುವ ಹಬ್ಬವನ್ನು, ಬಲ್ಲವರಿಗೆ ಉತ್ತರ ಅಲ್ಲೇ ಇದೆ.

ಯೆಹೂದ್ಯರ ಪಂಚಾಂಗದ ಏಳನೇ ತಿಂಗಳ 15ರಿಂದ ಏಳು ದಿನ, ಅದರ ಮೇಲೆ ಎಂಟನೆಯ ದಿನದ ಸಭೆ (ಯಾಜಕಕಾಂಡ 23). ನಮ್ಮ ಲೆಕ್ಕಕ್ಕೆ ಸೆಪ್ಟೆಂಬರ್ ಕೊನೆ ಇಲ್ಲವೆ ಅಕ್ಟೋಬರ್. ಕನ್ನಡ ಬೈಬಲಿನಲ್ಲಿ 'ಮುಂಗಾರು' ಎಂದು ಓದಿದೊಡನೆ ಜೂನ್ ತಿಂಗಳು ನೆನಪಾಗುತ್ತದೆ. ಆದರೆ ಇಸ್ರಾಯೇಲ್ ನಾಡಿನ ಮುಂಗಾರು ಬೀಳುವುದು ಅಕ್ಟೋಬರ್–ನವೆಂಬರಿನಲ್ಲಿ. ದ್ರಾಕ್ಷಿ ಮನೆಗೆ ಬಂದಿದೆ, ನೀರಿನ ತೊಟ್ಟಿಗಳು ತಳ ಕಂಡಿವೆ, ನೆಲಕ್ಕೆ ನೇಗಿಲು ಇಳಿಯದು. ಹಬ್ಬ ಬರುವುದು ಆಗ.

ಚಪ್ಪರದ ನಿಯಮವೂ ಆಕಾಶವನ್ನೇ ನೋಡಿಸುತ್ತದೆ. ಮೇಲ್ಹೊದಿಕೆ ನೆಲದಲ್ಲಿ ಬೆಳೆದದ್ದಾಗಿರಬೇಕು, ಕಡಿದು ತಂದದ್ದಾಗಿರಬೇಕು. ಒಳಗೆ ಬಿಸಿಲಿಗಿಂತ ನೆರಳು ಹೆಚ್ಚಿರಬೇಕು. ಎತ್ತರ 20 ಮೊಳ ಮೀರಬಾರದು. ಮರದಡಿ ಕಟ್ಟಿದರೆ ಸಲ್ಲದು, ಏಕೆಂದರೆ ನೆರಳು ಮರದ್ದಾಗುತ್ತದೆ. ಹಬ್ಬದ ನಡುವೆಯೇ ಮಳೆ ಸುರಿದರೆ ಅಪಶಕುನ: ಒಡೆಯನಿಗೆ ಪಾನಪಾತ್ರೆ ತುಂಬಿಕೊಡಲು ಬಂದ ಆಳಿನ ಮುಖಕ್ಕೆ ಒಡೆಯ ನೀರೆರಚಿದಂತೆ ಎನ್ನುತ್ತದೆ ಯೆಹೂದ್ಯರ ಹಳೆಯ ನಿಯಮಗ್ರಂಥ ಮಿಷ್ನಾ. ಆದ್ದರಿಂದ ಮಳೆಯ ಪ್ರಾರ್ಥನೆ ಎಂಟನೆಯ ದಿನಕ್ಕೆ.

ದೇವಾಲಯವಿದ್ದ ಕಾಲದಲ್ಲಿ ಈ ಹಬ್ಬಕ್ಕೆ ಯೆರೂಸಲೇಮಿನ ಸಿಲೋವ ಕೊಳದಿಂದ ಚಿನ್ನದ ಹೂಜಿಯಲ್ಲಿ ಮೂರು ಲೋಗ್, ಅಂದರೆ ಹೆಚ್ಚುಕಡಿಮೆ ಒಂದು ಲೀಟರ್, ನೀರು ತರುತ್ತಿದ್ದರು. ಬಲಿಪೀಠದ ಮೇಲೆ ಎರಡು ಬೋಗುಣಿ: ಪಶ್ಚಿಮದ್ದು ನೀರಿಗೆ, ಪೂರ್ವದ್ದು ದ್ರಾಕ್ಷಾರಸಕ್ಕೆ. ರಸ ನಿಧಾನ ಹರಿಯುತ್ತದೆಂದು ಅದರ ತೂತು ಅಗಲ, ನೀರಿನದು ಸಣ್ಣದು. ಎರಡೂ ಒಟ್ಟಿಗೆ ಬರಿದಾಗಬೇಕು. ಒಮ್ಮೆ ಒಬ್ಬ ಯಾಜಕ ಈ ನೀರನ್ನು ಬೋಗುಣಿಗೆ ಎರೆಯದೆ ತನ್ನ ಕಾಲಿನ ಮೇಲೆ ಹೊಯ್ದನೆಂದು ಜನರೆಲ್ಲ ಹಬ್ಬಕ್ಕೆಂದು ಕೈಯಲ್ಲಿ ಹಿಡಿದಿದ್ದ ಮಾದಲ ಹಣ್ಣುಗಳನ್ನು ಅವನ ಮೇಲೆ ಎಸೆದರು. ಅಂದಿನಿಂದ ನೀರೆರೆಯುವವನಿಗೆ 'ಕೈ ಮೇಲೆತ್ತು' ಎನ್ನುವುದು ರೂಢಿಯಾಯಿತು, ಎಲ್ಲರ ಕಣ್ಣಿಗೂ ಕಾಣಲೆಂದು. ಬಾಯಾರಿದವನು ನನ್ನ ಬಳಿಗೆ ಬರಲಿ ಎಂದು ಯೇಸು ಕೂಗಿದ್ದು ಇದೇ ಹಬ್ಬದ ಕಡೇ ದಿನ (ಯೋಹಾನ 7).

ಇನ್ನು ಹಬ್ಬದ ಬಲಿಯ ಹೋರಿಗಳು. ಅರಣ್ಯಕಾಂಡ 29ರಂತೆ ಮೊದಲ ದಿನ 13, ಮರುದಿನ 12, ಹೀಗೆ ಇಳಿದು ಏಳನೆಯ ದಿನ 7. ಕೂಡಿದರೆ 70. ಲೋಕದ 70 ಜನಾಂಗಗಳಿಗಾಗಿ ಈ 70 ಎಂದು ಹಳೆಯ ರಬ್ಬಿಗಳು, ಅಂದರೆ ಯೆಹೂದ್ಯ ಗುರುಗಳು, ಎಣಿಸಿದರು. ಎಂಟನೆಯ ದಿನ ಒಂದೇ ಹೋರಿ, ಅದು ಇಸ್ರಾಯೇಲಿಗೆ. ಜೆಕರ್ಯನಲ್ಲಿ ಹಬ್ಬದ ಕರೆ ಹೋದದ್ದೂ ಯಾರಿಗೆ? ಯೆರೂಸಲೇಮಿನ ಮೇಲೆ ದಂಡೆತ್ತಿ ಬಂದು ಉಳಿದವರಿಗೆ! ಊರು ಸುಲಿದವರನ್ನೇ ದೇವರು ಚಪ್ಪರದೊಳಗೆ ಕರೆಯುತ್ತಾನೆ. ಮಳೆ ಬೇಡುವ ಹಬ್ಬಕ್ಕೆ ಬಾರೆನೆಂದವನು ಬೇಡುವುದನ್ನೇ ನಿರಾಕರಿಸಿದ್ದಾನೆ. ಅವನ ಹೊಲ ಒಣಗಿದರೆ ಅದು ಅವನ ಮಾತಿನ ಫಲವೇ.

ಐಗುಪ್ತದ (ಈಜಿಪ್ಟಿನ) ಮಾತು ಬೇರೆ. ನೈಲ್ ನದಿಯ ನೆಚ್ಚಿಗೆಯಲ್ಲಿ ಬದುಕುವವರಿಗೆ ಮೋಡದ ಹಂಗಿಲ್ಲ. ಅದಕ್ಕೇ 18ನೇ ವಚನ ಅವರನ್ನು ಬೇರೆಯಾಗಿ ಹೆಸರಿಸಿ, ಅವರಿಗೂ ಬಾಧೆ ತಪ್ಪದು ಎನ್ನುತ್ತದೆ. ಅವರ ಪೂರ್ವಿಕರು ಬಾಧೆ ಎಂಬ ಮಾತನ್ನು ಮೋಶೆಯ ಕಾಲದಲ್ಲೇ, ದೇವರು ಐಗುಪ್ತದ ಮೇಲೆ ಬಾಧೆಗಳನ್ನು ಬರಮಾಡಿದಾಗಲೇ, ಕೇಳಿದ್ದರು.

ಅಧ್ಯಾಯ ಅಲ್ಲಿಗೆ ಮುಗಿಯುವುದಿಲ್ಲ. ಕಡೆಯ ಎರಡು ವಚನಗಳನ್ನು ಬಿಡದೆ ಓದಬೇಕು. ಮಹಾಯಾಜಕನ ಹಣೆಪಟ್ಟಿಯ ಮೇಲಿದ್ದ 'ಯೆಹೋವನಿಗೆ ಮೀಸಲು' ಎಂಬ ಬರಹ ಆ ದಿನ ಕುದುರೆಯ ಗೆಜ್ಜೆಗಳ ಮೇಲಿರುತ್ತದೆ. ಯೆರೂಸಲೇಮಿನ ಅಡುಗೆಯ ಹಂಡೆಗಳೂ ಪರಿಶುದ್ಧ. ಬಲಿಗೆ ಬಂದವರೆಲ್ಲ ಅವುಗಳಲ್ಲೇ ಬೇಯಿಸಿಕೊಳ್ಳುತ್ತಾರೆ.