ಹಳೆಯ ಗಾಡಿಗೆ ಪೆಟ್ರೋಲ್ ಸಾಲುತ್ತಿಲ್ಲವೇ? ಪಂಪ್ ಬದಲಿಸುವ ಮೊದಲು ಅಳೆದು ನೋಡಿ

ಹಳೆಯ ಗಾಡಿ ಏರಿನಲ್ಲಿ ಎಳೆಯದೆ ತಡವರಿಸಿ ನಿಂತರೆ ಹೆಚ್ಚಿನವರು ಮೊದಲು ಪಂಪ್ ಬದಲಿಸುತ್ತಾರೆ. ಆಮೇಲೆ ಫಿಲ್ಟರ್, ಅದಾದ ಮೇಲೆ ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸುವ ಭಾಗ) ಕಿಟ್. ಮೂರೂ ಹೊಸದಾದ ಮೇಲೂ ಗಾಡಿ ಅದೇ ಏರಿನಲ್ಲಿ ನಿಲ್ಲುತ್ತದೆ, ಏಕೆಂದರೆ ದೋಷ ಇದ್ದದ್ದು ಟ್ಯಾಂಕಿಗೂ ಪಂಪಿಗೂ ನಡುವಿನ ಒಂದು ಗೇಣು ರಬ್ಬರ್ ಹೋಸಿನಲ್ಲಿ. ಇಂಧನದ ತೊಂದರೆಯನ್ನು ಊಹಿಸಿ ಹಿಡಿಯುವುದು ಕಷ್ಟ, ಅಳೆದು ಹಿಡಿಯುವುದು ಸುಲಭ.

ಮೊದಲು ಇದು ಪೆಟ್ರೋಲ್ ಕೊರತೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಪೆಟ್ರೋಲ್ ಕಡಿಮೆಯಾದಾಗ ಎಂಜಿನ್ ನಿಧಾನವಾಗಿ ಸೊರಗುತ್ತದೆ: ಜಗ್ಗುತ್ತದೆ, ಮತ್ತೆ ಸ್ವಲ್ಪ ಎಳೆಯುತ್ತದೆ, ಮತ್ತೆ ಜಗ್ಗುತ್ತದೆ. ಕೀಲಿ ತಿರುಗಿಸಿ ಆರಿಸಿದ ಹಾಗೆ ಒಮ್ಮೆಲೇ ನಿಂತರೆ ಇಗ್ನಿಷನ್ ಕಡೆ, ಅಂದರೆ ಕಿಡಿ ಹುಟ್ಟಿಸುವ ವ್ಯವಸ್ಥೆಯ ಕಡೆ ನೋಡಿ. ಕಿಡಿಗೆ ವಿದ್ಯುತ್ ಕೊಡುವ ಕಾಯಿಲ್ ಬಿಸಿಯಾದಾಗ ಕೈಕೊಟ್ಟು ಎಷ್ಟೋ ಪಂಪುಗಳನ್ನು ವೃಥಾ ಬದಲಿಸುವಂತೆ ಮಾಡಿದೆ. ಗಾಡಿ ನಿಂತ ತಕ್ಷಣ ಪ್ಲಗ್‌ನಲ್ಲಿ ಕಿಡಿ ಇದೆಯೇ ನೋಡಿ. ಕಿಡಿ ಇದ್ದು, ಏರ್ ಫಿಲ್ಟರ್ ತೆಗೆದು ಒಳಗೆ ಸ್ಟಾರ್ಟಿಂಗ್ ಸ್ಪ್ರೇ ಒಂದು ಕ್ಷಣ ಹೊಡೆದಾಗ ಎಂಜಿನ್ ಹತ್ತಿ ಕೂಡಲೇ ಆರಿದರೆ, ಪೆಟ್ರೋಲ್ ಬರುತ್ತಿಲ್ಲ ಎಂದೇ ಅರ್ಥ. ಡೀಸೆಲ್ ಎಂಜಿನ್‌ಗೆ ಈ ಸ್ಪ್ರೇ ಬೇಡ. ಗ್ಲೋ ಪ್ಲಗ್ (ಸ್ಟಾರ್ಟ್ ಮಾಡುವಾಗ ಒಳಗೆ ಕಾಯುವ ಕಡ್ಡಿ) ಇರುವ ಎಂಜಿನ್ ಅದರಿಂದ ಹಾಳಾಗಬಹುದು.

ಕೆಲಸ ಬಯಲಿನಲ್ಲಿ ಅಥವಾ ಗಾಳಿಯಾಡುವ ಜಾಗದಲ್ಲಿ, ಎಂಜಿನ್ ತಣ್ಣಗಿರುವಾಗ ಮಾಡಿ. ಬೆಂಕಿ ನಂದಿಸುವ ಸಿಲಿಂಡರ್ ಕೈಗೆ ಸಿಗುವಂತಿರಲಿ. ಗಾಜಿನ ಬಲ್ಬಿನ ಕೈದೀಪ ಬೇಡ. ಬಿದ್ದು ಒಡೆದರೆ ಬಿಸಿ ತಂತಿಯೇ ಬೆಂಕಿ ಹಚ್ಚುತ್ತದೆ. ಇಂಜೆಕ್ಷನ್ ಗಾಡಿಯಲ್ಲಿ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸುವಂಥದ್ದು) ಹೋಸ್ ಬಿಚ್ಚುವ ಮೊದಲು ಪಂಪಿನ ಫ್ಯೂಸ್ ಕಿತ್ತು, ಎಂಜಿನ್ ತಾನಾಗಿ ಆರುವವರೆಗೆ ಓಡಿಸಿ ಒತ್ತಡ ಇಳಿಸಿ.

ಒತ್ತಡ ಬೇರೆ, ಪ್ರಮಾಣ (ನಿಮಿಷಕ್ಕೆ ಎಷ್ಟು ಪೆಟ್ರೋಲ್ ಬರುತ್ತದೆ ಎಂಬುದು) ಬೇರೆ. ಗೇಜ್ ಹಾಕಿ ಒತ್ತಡ ಸರಿಯಾಗಿದೆ ಎಂದು ನೋಡಿ ಅಲ್ಲಿಗೇ ಬಿಡುವುದು ದೊಡ್ಡ ತಪ್ಪು. ಅರ್ಧ ಕಟ್ಟಿಕೊಂಡ ಫಿಲ್ಟರಿನ ಆಚೆಗೂ ಐಡಲ್‌ನಲ್ಲಿ (ಎಕ್ಸಲರೇಟರ್ ಒತ್ತದೆ ಎಂಜಿನ್ ಓಡುವಾಗ) ಪೂರ್ತಿ ಒತ್ತಡ ಸಿಗುತ್ತದೆ, ಏಕೆಂದರೆ ಆಗ ಹರಿಯುವ ಪೆಟ್ರೋಲೇ ಕಡಿಮೆ. ಹರಿವು ಹೆಚ್ಚಾದಾಗ ಮಾತ್ರ ಅಡ್ಡಿ ಬಯಲಾಗುತ್ತದೆ. ಐಡಲ್‌ನಲ್ಲಿ ಚೆನ್ನಾಗಿದ್ದು ಏರಿನಲ್ಲಿ, ವೇಗದಲ್ಲಿ ಸೊರಗುವ ಗಾಡಿಗೆ ಪ್ರಮಾಣದ ಪರೀಕ್ಷೆ ಮಾಡಲೇಬೇಕು.

ಕಾರ್ಬ್ಯುರೇಟರ್ ಗಾಡಿಯ ಮೆಕ್ಯಾನಿಕಲ್ ಪಂಪ್ (ಎಂಜಿನ್ನೇ ಓಡಿಸುವ ಪಂಪ್) ಸಾಮಾನ್ಯವಾಗಿ 3ರಿಂದ 6 ಪಿಎಸ್‌ಐ (ಗೇಜ್ ತೋರಿಸುವ ಒತ್ತಡದ ಅಳತೆ) ಕೊಡಬೇಕು. ಪ್ರಮಾಣ ನೋಡಲು ಕಾಯಿಲ್‌ಗೆ ಬರುವ ವೈರ್ ಕಳಚಿ ಕಿಡಿ ನಿಲ್ಲಿಸಿ, ಕಾರ್ಬ್ಯುರೇಟರ್ ಕಡೆಯ ಹೋಸನ್ನು ಅಳತೆ ಗುರುತಿರುವ ಬಾಟಲಿಗೆ ಇಳಿಸಿ, ಸೆಲ್ಫ್ ಹೊಡೆಯಿರಿ. ಪ್ರತಿ ಬಡಿತಕ್ಕೂ ಪೆಟ್ರೋಲ್ ತುಂಬಿದ ಧಾರೆಯಾಗಿ ಚಿಮ್ಮಬೇಕು. ಸೆಲ್ಫ್‌ನಲ್ಲಿ ಎಂಜಿನ್ ನಿಧಾನವಾಗಿ ತಿರುಗುವುದರಿಂದ ಕಡಿಮೆ ಬರುತ್ತದೆ, ಆದರೆ ಎಂಜಿನ್ ಐಡಲ್ ವೇಗದಲ್ಲಿದ್ದಾಗ ನಿಮಿಷಕ್ಕೆ ಅರ್ಧ ಲೀಟರಿಗಿಂತ ಕಡಿಮೆ ಕೊಡುವ ಪಂಪ್ ಸಣ್ಣ ನಾಲ್ಕು ಸಿಲಿಂಡರಿಗೂ ಸಾಲದು. ದೊಡ್ಡ ಎಂಜಿನ್‌ಗೆ ಅಷ್ಟು ಅರ್ಧ ನಿಮಿಷದಲ್ಲಿ ಬರಬೇಕು. ಧಾರೆಯಲ್ಲಿ ನೊರೆ ಅಥವಾ ಗುಳ್ಳೆ ಕಂಡರೆ ಪಂಪನ್ನು ಬೈಯಬೇಡಿ, ಅದು ಎಲ್ಲಿಂದಲೋ ಗಾಳಿ ಎಳೆಯುತ್ತಿದೆ.

ಪ್ರಮಾಣ ಕಡಿಮೆ ಬಂದರೆ ವ್ಯವಸ್ಥೆಯನ್ನು ಎರಡು ಭಾಗ ಮಾಡುವ ಪರೀಕ್ಷೆ ಬಹಳ ಉಪಯೋಗಕ್ಕೆ ಬರುತ್ತದೆ. ಟ್ಯಾಂಕಿನಿಂದ ಬರುವ ಹೋಸನ್ನು ಪಂಪಿನಿಂದ ಕಳಚಿ, ಅದರ ಬದಲು ಚಿಕ್ಕದೊಂದು ಹೊಸ ಹೋಸ್ ಹಾಕಿ, ಇನ್ನೊಂದು ತುದಿಯನ್ನು ಶುದ್ಧ ಪೆಟ್ರೋಲಿನ ಡಬ್ಬಿಯಲ್ಲಿ ಮುಳುಗಿಸಿ. ಡಬ್ಬಿ ಪಂಪಿಗಿಂತ ಕೆಳಗಿರಲಿ, ಸೈಲೆನ್ಸರ್ ಪೈಪಿನಿಂದ ದೂರವಿರಲಿ. ಈಗ ಧಾರೆ ಸರಿಹೋದರೆ ತೊಂದರೆ ಪಂಪಿನ ಹಿಂದೆ, ಟ್ಯಾಂಕಿನ ಕಡೆ. ಸರಿಹೋಗದಿದ್ದರೆ ಪಂಪಿನಲ್ಲೇ, ಅಥವಾ ಅದರ ಮುಂದಿನ ಫಿಲ್ಟರಿನಲ್ಲಿ.

ಹಳೆಯ ಗಾಡಿಗಳಲ್ಲಿ ಉತ್ತರ ಹೆಚ್ಚಾಗಿ ಟ್ಯಾಂಕಿನ ಕಡೆಯೇ ಸಿಗುತ್ತದೆ, ಹಾಗಾಗಿ ಅಲ್ಲಿ ತಾಳ್ಮೆಯಿಂದ ನೋಡಬೇಕು. ಹಳೆಯ ರಬ್ಬರ್ ಹೋಸ್ ಹೊರಗೆ ಚೆನ್ನಾಗಿ ಕಂಡರೂ ಒಳಪದರ ಸುಲಿದು ಜೋತು ಬಿದ್ದಿರಬಹುದು. ಎಂಜಿನ್ ಜೋರಾಗಿ ಎಳೆದಾಗ ಆ ಸುಲಿದ ತುಂಡು ದಾರಿ ಮುಚ್ಚುತ್ತದೆ. ಎಳೆತ ನಿಂತರೆ ತೆರೆದುಕೊಳ್ಳುತ್ತದೆ. ಹೋಸ್ ಕಳಚಿ ಗಾಳಿ ಹಾಯಿಸಿದಾಗ ಒಂದು ಕಡೆಯಿಂದ ಸಲೀಸಾಗಿ ಹೋಗಿ ಇನ್ನೊಂದು ಕಡೆಯಿಂದ ಬಿಗಿಯಾದರೆ ಅನುಮಾನವೇ ಬೇಡ, ಉದ್ದಕ್ಕೆ ಸೀಳಿ ನೋಡಿ. ಎಥೆನಾಲ್ ಬೆರೆತ ಪೆಟ್ರೋಲಿಗೆ ಹಳೆಯ ಕಾಲದ ರಬ್ಬರ್ ತಡೆಯುವುದಿಲ್ಲ. ಹೊಸದು ಹಾಕುವಾಗ ಎಸ್‌ಎಇ ಜೆ30 ಆರ್9 (SAE J30 R9, ಇಂಧನ ಹೋಸಿನ ಗುಣಮಟ್ಟದ ಗುರುತು) ಎಂದು ಅಚ್ಚಾಗಿರುವ ಹೋಸನ್ನೇ ಹಾಕಿ.

ಎಳೆಯುವ ಕಡೆಯ ಸೋರಿಕೆ ನೆಲಕ್ಕೆ ಹನಿ ಬೀಳಿಸದೇ ಇರಬಹುದು. ಓಡುವಾಗ ಅಲ್ಲಿ ಪೆಟ್ರೋಲ್ ಹೊರಬರುವ ಬದಲು ಗಾಳಿ ಒಳಬರುತ್ತದೆ. ರಾತ್ರಿಯೆಲ್ಲ ನಿಂತಾಗ ಪೈಪಿನ ಪೆಟ್ರೋಲ್ ಟ್ಯಾಂಕಿಗೆ ಹಿಂತಿರುಗುತ್ತದೆ, ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕಾಗುತ್ತದೆ. ಪಂಪಿನ ಬಾಯಿಯಲ್ಲಿ ಪೆಟ್ರೋಲ್ ತಾಳುವ ಪಾರದರ್ಶಕ ಹೋಸಿನ ತುಂಡು ಹಾಕಿ ಎಂಜಿನ್ ಓಡಿಸಿದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ. ಪರೀಕ್ಷೆ ಮುಗಿದ ಮೇಲೆ ಅದನ್ನು ತೆಗೆದುಬಿಡಿ.

ಟ್ಯಾಂಕಿನ ತುಕ್ಕಿಗೆ ತನ್ನದೇ ಗುರುತಿದೆ. ಗಾಡಿ ಕೆಲವು ಕಿಲೋಮೀಟರ್ ಚೆನ್ನಾಗಿ ಓಡಿ ನಿಲ್ಲುತ್ತದೆ, ಹತ್ತು ನಿಮಿಷ ಬಿಟ್ಟರೆ ಮತ್ತೆ ಹತ್ತುತ್ತದೆ. ಓಡುವಾಗ ಕಸವೆಲ್ಲ ಒಳಗಿನ ಜಾಲರಿಗೆ ಅಂಟಿಕೊಳ್ಳುತ್ತದೆ, ನಿಂತಾಗ ಉದುರಿ ತಳ ಸೇರುತ್ತದೆ. ಟ್ಯಾಂಕಿನ ಗಾಳಿರಂಧ್ರ ಕಟ್ಟಿಕೊಂಡರೂ ಇದೇ ಲಕ್ಷಣ. ಎರಡನ್ನೂ ಬೇರ್ಪಡಿಸುವುದು ಸುಲಭ: ನಿಂತ ಕೂಡಲೇ ಮುಚ್ಚಳ ತೆಗೆಯಿರಿ. ಗಾಳಿ ಸುಯ್ಯೆಂದು ಒಳಕ್ಕೆ ನುಗ್ಗಿ, ಆ ಕ್ಷಣದಿಂದ ಗಾಡಿ ಸರಿಯಾಗಿ ಓಡಿದರೆ ತಪ್ಪು ಮುಚ್ಚಳದ್ದು ಅಥವಾ ವೆಂಟ್ ಪೈಪಿನದು.

ಬಿಸಿಲಲ್ಲಿ ಮಾತ್ರ ನಿಲ್ಲುವ ಗಾಡಿಯಲ್ಲಿ ಪೆಟ್ರೋಲ್ ಪೈಪಿನೊಳಗೇ ಆವಿಯಾಗುತ್ತಿರಬಹುದು. ಎಂಜಿನ್ ಮೇಲೆ ಕೂತ ಪಂಪ್ ದೂರದ ಟ್ಯಾಂಕಿನಿಂದ ಎಳೆಯುವಾಗ ಪೈಪಿನಲ್ಲಿ ಒತ್ತಡ ಇಳಿಯುತ್ತದೆ, ಇಳಿದ ಒತ್ತಡದಲ್ಲಿ ಪೆಟ್ರೋಲ್ ಬೇಗ ಕುದಿಯುತ್ತದೆ. ನಿಂತಾಗ ಪಂಪ್ ಮತ್ತು ಪೈಪಿಗೆ ಒದ್ದೆ ಬಟ್ಟೆ ಸುತ್ತಿ ನೋಡಿ. ಹತ್ತಿದರೆ ಪೈಪನ್ನು ಎಕ್ಸಾಸ್ಟ್‌ನಿಂದ ದೂರ ಸರಿಸಿ, ಶಾಖ ತಡೆಯುವ ಕವಚ ಹಾಕಿ.

ಪಂಪಿನ ಡಯಾಫ್ರಮ್ (ಒಳಗಿನ ಬಾಗುವ ಪರದೆ) ಹರಿದರೆ ಪೆಟ್ರೋಲ್ ಎಂಜಿನ್ ಆಯಿಲ್‌ಗೆ ಇಳಿಯಬಹುದು. ಡಿಪ್‌ಸ್ಟಿಕ್ ಎಳೆದು ಮೂಸಿ. ಆಯಿಲ್ ಮಟ್ಟ ಏರಿದ್ದು ಪೆಟ್ರೋಲ್ ವಾಸನೆ ಬಂದರೆ ಪಂಪನ್ನೂ ಆಯಿಲನ್ನೂ ಬದಲಿಸುವವರೆಗೆ ಎಂಜಿನ್ ಓಡಿಸಬೇಡಿ, ಬೇರಿಂಗ್ ಹೋಗುತ್ತದೆ.

ಕಾರ್ಬ್ಯುರೇಟರ್‌ವರೆಗೆ ಪೆಟ್ರೋಲ್ ಧಾರಾಳವಾಗಿ ಬರುತ್ತಿದ್ದರೆ ಮಾತ್ರ ಅದನ್ನು ಮುಟ್ಟಿ. ಹಲವು ಕಾರ್ಬ್ಯುರೇಟರ್‌ಗಳಲ್ಲಿ ಪೆಟ್ರೋಲ್ ಒಳಹೋಗುವ ಬೋಲ್ಟಿನೊಳಗೇ ಪುಟ್ಟ ಜಾಲರಿ ಇರುತ್ತದೆ. ಹೊರಗಿನ ಫಿಲ್ಟರ್ ಬದಲಿಸಿದವರು ಇದನ್ನು ಮರೆಯುವುದೇ ಹೆಚ್ಚು. ಎಂಜಿನ್ ಆರಿಸಿ ಥ್ರಾಟಲ್ ತಟ್ಟನೆ ತೆರೆದಾಗ ಮೇಲಿನಿಂದ ನೋಡಿದರೆ ಕಾರ್ಬ್ಯುರೇಟರಿನೊಳಗಿನ ಎಕ್ಸಲರೇಟರ್ ಪಂಪಿನಿಂದ ಪೆಟ್ರೋಲಿನ ಎಳೆ ನೇರವಾಗಿ ಚಿಮ್ಮಬೇಕು. ಪೆಟ್ರೋಲ್ ಮಟ್ಟ ಕಾಯುವ ಹಿತ್ತಾಳೆ ಫ್ಲೋಟನ್ನು ಬಿಸಿನೀರಿನಲ್ಲಿ ಮುಳುಗಿಸಿ: ಗುಳ್ಳೆ ಬಂದರೆ ತೂತಾಗಿದೆ. ಪೆಟ್ರೋಲ್ ಹಾಯುವ ಸಣ್ಣ ರಂಧ್ರದ ಜೆಟ್‌ಗೆ ತಂತಿ ತೂರಿಸಬೇಡಿ, ರಂಧ್ರದ ಅಳತೆ ಕೆಡುತ್ತದೆ. ಕ್ಲೀನರ್ ಮತ್ತು ಗಾಳಿ ಸಾಕು.

ಇಂಜೆಕ್ಷನ್ ಗಾಡಿಗಳಲ್ಲಿ ಪ್ರತಿ ಸಿಲಿಂಡರಿಗೂ ಇಂಜೆಕ್ಟರ್ ಇದ್ದರೆ ಬಹುಪಾಲು 35ರಿಂದ 45 ಪಿಎಸ್‌ಐ. ಬಾಷ್ ಕಂಪನಿಯ ಹಳೆಯ ಮೆಕ್ಯಾನಿಕಲ್ ಇಂಜೆಕ್ಷನ್ ಆದ ಕೆ-ಜೆಟ್ರಾನಿಕ್‌ನಂಥವಕ್ಕೆ 5 ಬಾರ್ ಸುತ್ತಮುತ್ತ, ಅಂದರೆ 70 ಪಿಎಸ್‌ಐ ದಾಟಿ ಬೇಕು. ನಿಖರ ಅಂಕಿಗೆ ಗಾಡಿಯ ಮ್ಯಾನುಯಲ್ ನೋಡಿ. ಒತ್ತಡವನ್ನು ಹಿಡಿತದಲ್ಲಿಡುವ ರೆಗ್ಯುಲೇಟರಿಗೆ ವ್ಯಾಕ್ಯೂಮ್ ಹೋಸ್ ಇದ್ದರೆ ಐಡಲ್‌ನಲ್ಲಿ ಅದನ್ನು ಕಳಚಿದಾಗ ಒತ್ತಡ 5ರಿಂದ 10 ಪಿಎಸ್‌ಐ ಏರಬೇಕು. ಆ ಹೋಸಿನೊಳಗೆ ಪೆಟ್ರೋಲ್ ಪಸೆ ಕಂಡರೆ ರೆಗ್ಯುಲೇಟರಿನ ಡಯಾಫ್ರಮ್ ಹೋಗಿದೆ. ಎಂಜಿನ್ ಆರಿಸಿದ ಕೂಡಲೇ ಒತ್ತಡ ಸೊನ್ನೆಗೆ ಬಿದ್ದರೆ ಪಂಪಿನ ಚೆಕ್ ವಾಲ್ವ್ (ಪೆಟ್ರೋಲ್ ಹಿಂತಿರುಗದಂತೆ ತಡೆಯುವುದು), ರೆಗ್ಯುಲೇಟರ್, ಸೋರುವ ಇಂಜೆಕ್ಟರ್ ಈ ಮೂರರಲ್ಲಿ ಒಂದು. ಟ್ಯಾಂಕಿಗೆ ಮರಳುವ ರಿಟರ್ನ್ ಹೋಸನ್ನು ಮೆತ್ತಗೆ ಅದುಮಿದಾಗ ಒತ್ತಡ ನಿಂತರೆ ರೆಗ್ಯುಲೇಟರ್ ಎಂದು ತಿಳಿಯಿರಿ.

ಎಲೆಕ್ಟ್ರಿಕ್ ಪಂಪ್ ನಿಧಾನವಾಗಿದ್ದರೆ ಪಂಪಿಗಿಂತ ಮೊದಲು ವೈರಿಂಗ್ ನೋಡಿ. ಪಂಪಿನ ವೈರಿನ ಪ್ಲಗ್ ಕಳಚಿ ಅಳೆದರೆ ಒಂದೇ ಎಳೆ ಉಳಿದ ವೈರ್ ಕೂಡ 12 ವೋಲ್ಟ್ ತೋರಿಸುತ್ತದೆ. ಪಂಪ್ ಓಡುತ್ತಿರುವಾಗಲೇ ಅಳೆಯಿರಿ: ಮೀಟರಿನ ಒಂದು ಕಡ್ಡಿ ಬ್ಯಾಟರಿ ಪಾಸಿಟಿವ್‌ಗೆ, ಇನ್ನೊಂದು ಪಂಪಿನ ಪಾಸಿಟಿವ್‌ಗೆ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ರಿಲೇ, ಫ್ಯೂಸ್ ಹೋಲ್ಡರ್, ಕನೆಕ್ಟರ್‌ಗಳನ್ನು ಒಂದೊಂದಾಗಿ ಹಾದು ಬನ್ನಿ. ಅರ್ಥ್ ಕಡೆ (ಪಂಪಿನ ನೆಗೆಟಿವ್‌ನಿಂದ ಬ್ಯಾಟರಿ ನೆಗೆಟಿವ್‌ಗೆ) 0.2 ವೋಲ್ಟ್ ದಾಟಬಾರದು. ದಾಟಿದರೆ ಅರ್ಥ್ ಬೋಲ್ಟ್ ಬಿಚ್ಚಿ, ತುಕ್ಕು ಉಜ್ಜಿ, ಬರಿ ಲೋಹಕ್ಕೆ ಬಿಗಿಯಿರಿ.

ಡೀಸೆಲ್ ಗಾಡಿಗೆ ಗಾಳಿಯೇ ದೊಡ್ಡ ಶತ್ರು. ಕೈಪಂಪ್ ಒತ್ತುತ್ತಾ ಫಿಲ್ಟರಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತ ಮೇಲೆ ಬಿಗಿಯಿರಿ. ಮತ್ತೆ ಮತ್ತೆ ಗಾಳಿ ಹಿಡಿದರೆ ತಾಮ್ರದ ವಾಷರ್‌ಗಳನ್ನು ಬದಲಿಸಿ, ಹಳೆಯದನ್ನೇ ಹಾಕಿ ಇನ್ನೂ ಬಿಗಿಯಬೇಡಿ.

ಯಾವುದನ್ನೇ ಜೋಡಿಸಿದರೂ ಎಂಜಿನ್ ಓಡುವಾಗ ಒಮ್ಮೆ, ಪೂರ್ತಿ ಬಿಸಿಯಾದ ಮೇಲೆ ಒಮ್ಮೆ, ಮರುದಿನ ತಣ್ಣಗಿರುವಾಗ ಒಮ್ಮೆ ಪ್ರತಿ ಕ್ಲಾಂಪಿನ ಸುತ್ತ ಒಣ ಬಟ್ಟೆ ಒರೆಸಿ ಪಸೆ ಇದೆಯೇ ನೋಡಿ. ಇಂಜೆಕ್ಷನ್ ಹೋಸಿಗೆ ಹಲ್ಲು ತೂತುಗಳ ಸಾಮಾನ್ಯ ಕ್ಲಾಂಪ್ ಬೇಡ, ಅದರ ಅಂಚು ರಬ್ಬರನ್ನು ಕೊರೆಯುತ್ತದೆ. ಸುತ್ತಲೂ ನುಣುಪಾಗಿ ಕೂರುವ ಇಂಜೆಕ್ಷನ್ ಕ್ಲಾಂಪ್ ಹಾಕಿ.