ಫೋನಿನಲ್ಲೇ ರೇಟ್ ಹೇಳಬೇಡಿ

ಶಿವಮೊಗ್ಗದಲ್ಲೇ ಕೂತು ವೆಬ್ ಡಿಸೈನ್ ಮಾಡುವ ಹುಡುಗ ಹುಡುಗಿಯರು ಈಗ ಜಾಸ್ತಿ ಆಗಿದ್ದಾರೆ. ಓದು ಮುಗಿಸಿ ಇಲ್ಲೇ ಉಳಿದವರು, ಬೆಂಗಳೂರಿಗೆ ಹೋಗಿ ವಾಪಸ್ ಬಂದವರು. ಅವರು ಸಿಕ್ಕಾಗಲೆಲ್ಲ ನನ್ನನ್ನು ಕೇಳುವುದು ಒಂದೇ, ಒಂದು ಸೈಟಿಗೆ ಎಷ್ಟು ತಗೋಬೇಕು? ನಾನು ಹೇಳುವುದೂ ಒಂದೇ. ಮೊತ್ತ ಆಮೇಲೆ, ಮೊದಲು ಕೆಲಸ ಏನೇನು ಅಂತ ಬರೆದು ಕೊಡಿ. ನಮ್ಮ ಕಡೆಯ ಜನ ಜಿಪುಣರಲ್ಲ. ಮನೆ ಕಟ್ಟಿಸುವಾಗ, ಮದುವೆ ಮಾಡುವಾಗ ಎಷ್ಟು ಧಾರಾಳ ಅಂತ ನೋಡಿದ್ದೀವಲ್ಲ. ನಮ್ಮ ಕೆಲಸ ಅವರ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ಕಾಣದ ಕೆಲಸಕ್ಕೆ ದುಡ್ಡು ಕೊಡಿ ಅಂದರೆ ಯಾರಿಗಾದರೂ ಅನುಮಾನ ಬರುತ್ತೆ.

ಸಾಗರದ ಕಡೆ ಒಂದು ಹೋಂಸ್ಟೇ ಅಂದುಕೊಳ್ಳಿ. ಮಾಲೀಕರು ಫೋನ್ ಮಾಡುತ್ತಾರೆ. 'ಐದೇ ಐದು ಪೇಜ್ ಮಾರಾಯ, ಫೋಟೊ ನಾವೇ ಕೊಡ್ತೀವಿ, ಮ್ಯಾಟರ್ ರೆಡಿ ಇದೆ, ಎಷ್ಟಾಗುತ್ತೆ ಹೇಳಿಬಿಡು.' ಆ ರೆಡಿ ಮ್ಯಾಟರ್ ಅಂದರೆ ಎಷ್ಟೋ ವರ್ಷದ ಹಿಂದೆ ಡಿಟಿಪಿ ಅಂಗಡಿಯಲ್ಲಿ 'ನುಡಿ' ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿಸಿದ ಫೈಲ್. ಅದನ್ನು ಕಾಪಿ ಮಾಡಿ ಪೇಜಿಗೆ ಹಾಕಿದರೆ ಕನ್ನಡ ಬರುವುದಿಲ್ಲ, ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿಕೊಂಡು ಬರುತ್ತೆ, ಯಾಕಂದರೆ ಆಗಿನ ಫಾಂಟು ಯುನಿಕೋಡ್ ಅಲ್ಲ, ಅಂದರೆ ಈಗ ಎಲ್ಲ ಕಡೆ ಬಳಸುವ ಅಕ್ಷರ ಸಂಕೇತದ್ದಲ್ಲ. ಕನ್ವರ್ಟರ್‌ಗೆ ಹಾಕಬೇಕು. ಹಾಕಿದ ಮೇಲೂ ಸಾಲು ಸಾಲಾಗಿ ಓದಬೇಕು, ಅರ್ಕಾವತ್ತು ಎಲ್ಲೋ ಜಾರಿರುತ್ತೆ, ಒತ್ತಕ್ಷರ ಬಿಟ್ಟುಹೋಗಿರುತ್ತೆ, ಇಂಗ್ಲಿಷಿನಲ್ಲಿದ್ದ ಫೋನ್ ನಂಬರು, ಇಮೇಲ್ ಎಲ್ಲ ಕನ್ನಡ ಅಕ್ಷರವಾಗಿ ಕೂತಿರುತ್ತೆ.

ಆಮೇಲೆ ಥೀಮ್, ಅಂದರೆ ಸೈಟಿನ ವಿನ್ಯಾಸದ ಅಚ್ಚು. ರೆಡಿಮೇಡ್ ಥೀಮ್‌ಗಳಲ್ಲಿ ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ತಕ್ಕಂತೆ ಇಟ್ಟಿರುತ್ತಾರೆ. ಅದರ ಮೆನುವಿನಲ್ಲಿ 'ಸುತ್ತಮುತ್ತ' ಅಂತ ಬರೆದು ನೋಡಿ. ಕೆಳಗಿನ ಒತ್ತುಗಳು ಕತ್ತರಿಸಿ ಹೋಗಿ 'ಸುತಮುತ' ಅಂತ ಕಾಣುತ್ತೆ. ಇದನ್ನು ಸರಿ ಮಾಡಲು ಫಾಂಟ್ ಬದಲಿಸಬೇಕು, ಸಾಲಿನ ಎತ್ತರ ಹೆಚ್ಚಿಸಬೇಕು, ಅದರಿಂದ ಬಟನ್ ದಪ್ಪ ಆಗುತ್ತೆ, ಮೆನು ಮೊಬೈಲಿನಲ್ಲಿ ಎರಡು ಸಾಲಿಗೆ ಇಳಿಯುತ್ತೆ, ಅದನ್ನೂ ಕೂತು ಸರಿ ಮಾಡಬೇಕು. ನಮ್ಮ ಭಾಷೆಯಲ್ಲಿ ಒಂದು ಸೈಟ್ ನೆಟ್ಟಗೆ ಕಾಣಬೇಕಾದರೆ ಇಷ್ಟು ಕೆಲಸ ಇದೆ, ಇದನ್ನು ಮಾಡುವವರಿಗೆ ದುಡ್ಡು ಸಿಗಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಫೋಟೊ ಕಥೆಯೂ ಹೀಗೇ. ಮೊಬೈಲಿನಲ್ಲಿ ತೆಗೆದ ಒಂದೊಂದು ಫೋಟೊ 4-5 ಎಂಬಿ ಇರುತ್ತೆ. ಹಾಗೇ ಹಾಕಿದರೆ ಆಗುಂಬೆ, ಹೊಸನಗರ ಕಡೆಯ ಸಿಗ್ನಲ್‌ನಲ್ಲಿ ದಾರಿ ನೋಡಲು ಸೈಟ್ ತೆರೆದವರಿಗೆ ಬಿಳಿ ಪರದೆ ಬಿಟ್ಟು ಏನೂ ಕಾಣುವುದಿಲ್ಲ. ಪ್ರತಿಯೊಂದನ್ನೂ 200 ಕೆಬಿ ಒಳಗೆ ತರಬೇಕು, ಅದೂ ತೋಟದ ಹಸಿರು ಮಂಕಾಗದ ಹಾಗೆ.

ಇದೆಲ್ಲ ಕೊಟೇಶನ್‌ನಲ್ಲಿ ಒಂದೊಂದು ಸಾಲಾಗಿ ಇರಲಿ. 'ವೆಬ್‌ಸೈಟ್ – 25,000' ಅಂತ ಒಂದೇ ಸಾಲು ಕಳಿಸಿದರೆ 'ಅಯ್ಯೋ, ನಮ್ಮ ಪಕ್ಕದ ಮನೆ ಹುಡುಗ ಐದು ಸಾವಿರಕ್ಕೆ ಮಾಡ್ತಾನಂತೆ' ಅನ್ನುವ ಉತ್ತರ ಬರುತ್ತೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಅಡಿಕೆ ಬೆಳೆಯುವವರಾದರೆ ನಾನು ಮಂಡಿಯ ಮಾತು ತೆಗೆಯುತ್ತೇನೆ. ಒಂದೇ ತೋಟದ ಅಡಿಕೆಗೆ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬೇರೆ ಬೇರೆ ಧಾರಣೆ ಯಾಕಿದೆ? ಯಾವಾಗ ಕೊಯ್ದರು, ಹೇಗೆ ಸುಲಿದು ಬೇಯಿಸಿದರು, ಹೇಗೆ ಆರಿಸಿದರು ಅನ್ನುವುದಕ್ಕೆ ತಾನೇ? ಅಲ್ಲಿಗೆ ಅವರಿಗೆ ಅರ್ಥ ಆಗಿರುತ್ತೆ.

ಇನ್ನು ಮೊತ್ತ. ಮನೆ ಖರ್ಚು, ಲ್ಯಾಪ್‌ಟಾಪ್, ಇಂಟರ್ನೆಟ್, ಮಳೆಗಾಲದ ಕರೆಂಟಿಗೆ ಯುಪಿಎಸ್, ಸ್ವಲ್ಪ ಉಳಿತಾಯ ಎಲ್ಲ ಸೇರಿ ತಿಂಗಳಿಗೆ 40,000 ಬೇಕು ಅಂತ ಇಟ್ಟುಕೊಳ್ಳಿ. ತಿಂಗಳಲ್ಲಿ ಬಿಲ್ ಮಾಡಬಹುದಾದ ಗಂಟೆ 80 ಸಿಕ್ಕರೆ ದೊಡ್ಡದು, ಉಳಿದ ಹೊತ್ತು ಫೋನು, ಓಡಾಟ, ಹೊಸದು ಕಲಿಯುವುದರಲ್ಲೇ ಹೋಗುತ್ತೆ. ಅಲ್ಲಿಗೆ ಗಂಟೆಗೆ 500. ಮೇಲೆ ಹೇಳಿದ ಹೋಂಸ್ಟೇ ಸೈಟಿಗೆ 50 ಗಂಟೆ ಹಿಡಿದರೆ 25,000. ಇದು ಲಾಭ ಅಲ್ಲ, ಬದುಕು ನಡೆಯುವ ರೇಟ್.

ಗ್ರಾಹಕರಿಗೆ ಈ ಲೆಕ್ಕ ಬೇಡ, ಅವರ ಲೆಕ್ಕ ಹೇಳಿ. ಬುಕಿಂಗ್ ಆ್ಯಪ್‌ನವರು ಶೇ 15 ಕಮಿಷನ್ ಹಿಡಿಯುತ್ತಾರೆ ಅಂತಿಟ್ಟುಕೊಳ್ಳೋಣ. 3,000 ರೂಪಾಯಿಯ ಒಂದು ರೂಮಿಗೆ ರಾತ್ರಿಗೆ 450 ಹೋಯಿತು. ಸ್ವಂತ ಸೈಟ್ ನೋಡಿ ನೇರ ಫೋನ್ ಮಾಡಿದವರಿಂದ 56 ರಾತ್ರಿ ರೂಮ್ ತುಂಬಿದರೆ ನಿಮ್ಮ ಬಿಲ್ ವಾಪಸ್ ಬಂತು. ಜೋಗ ತುಂಬಿ ಹರಿಯುವ ತಿಂಗಳುಗಳಲ್ಲಿ ನಾಲ್ಕು ರೂಮ್ ಇರುವವರಿಗೆ ಇದೇನು ದೊಡ್ಡ ಮಾತಲ್ಲ.

ಕಷ್ಟ ಇರುವುದು ಲೆಕ್ಕದಲ್ಲಿ ಅಲ್ಲ, ನಂಟಿನಲ್ಲಿ. ಕರೆದವರು ಅಪ್ಪನ ಸ್ನೇಹಿತರಾಗಿರುತ್ತಾರೆ, ಇಲ್ಲಾಂದ್ರೆ ಅತ್ತೆ ಮನೆ ಕಡೆಯವರು. ಕಾಫಿ ಆಗುತ್ತೆ, ಮಾತು ಮುಗಿಯುವ ಹೊತ್ತಿಗೆ 'ಊಟ ಮಾಡದೆ ಹೋಗೋದುಂಟಾ' ಅಂತ ಎಲೆ ಹಾಕಿರುತ್ತಾರೆ. ಆ ಎಲೆ ಮುಂದೆ ಕೂತು ಇಪ್ಪತ್ತೈದು ಸಾವಿರ ಅನ್ನಲು ಬಾಯಿ ಬರುವುದಿಲ್ಲ. ಅನ್ನಲೂ ಬೇಡಿ. ಖುಷಿಯಾಗಿ ಊಟ ಮಾಡಿ, ಎಲ್ಲ ಕೇಳಿಸಿಕೊಳ್ಳಿ, 'ನಾಳೆ ಬರೆದು ಕಳಿಸ್ತೀನಿ ಅಣ್ಣ' ಅಂತ ಹೇಳಿ ಎದ್ದು ಬನ್ನಿ. ವಾಟ್ಸಾಪ್‌ನಲ್ಲಿ ಕಳಿಸಿದ ಪಿಡಿಎಫ್‌ಗೆ ಸಂಕೋಚ ಇರುವುದಿಲ್ಲ, ಅವರಿಗೂ ಮನೆಯವರ ಜೊತೆ ಮಾತಾಡಿ ಉತ್ತರ ಹೇಳಲು ಸಮಯ ಸಿಗುತ್ತೆ.

ಕಮ್ಮಿ ಮಾಡು ಅಂದರೆ ಕೆಲಸ ಕಮ್ಮಿ ಮಾಡಿ, ರೇಟ್ ಅಲ್ಲ. 18,000 ಇದೆಯಾ? ಸರಿ, ಇಂಗ್ಲಿಷ್ ಪೇಜ್‌ಗಳು ಮುಂದಿನ ವರ್ಷಕ್ಕಿರಲಿ. ಸುಮ್ನೆ ಏಳು ಸಾವಿರ ಇಳಿಸಿದರೆ ಮೊದಲು ಹೇಳಿದ್ದು ಸುಳ್ಳು ರೇಟ್ ಅಂತ ನೀವೇ ಒಪ್ಪಿಕೊಂಡ ಹಾಗೆ. ತಿದ್ದುಪಡಿ ಎರಡು ಸುತ್ತು, ಅದರ ಮೇಲೆ ಗಂಟೆ ಲೆಕ್ಕ, ಇದನ್ನೂ ಬರೆದುಬಿಡಿ.

ಅರ್ಧ ಅಡ್ವಾನ್ಸ್ ಬಂದ ಮೇಲೆ ಶುರು ಮಾಡಿ. ಸಣ್ಣ ಉದ್ಯಮಗಳಿಗೆ ಸರ್ಕಾರದ 'ಉದ್ಯಮ್' ನೋಂದಣಿ ಇದೆ, ಅದನ್ನು ಮಾಡಿಸಿಕೊಳ್ಳಿ, ಶುಲ್ಕ ಇಲ್ಲ, ಆಧಾರ್ ಮತ್ತು ಪ್ಯಾನ್ ಇದ್ದರೆ ಮನೆಯಲ್ಲೇ ಆಗುತ್ತೆ. 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ, ಮಧ್ಯಮ ಉದ್ಯಮ) ಕಾಯ್ದೆ ಪ್ರಕಾರ ನೋಂದಾಯಿತ ಸಣ್ಣ ಉದ್ಯಮಕ್ಕೆ ಹೆಚ್ಚೆಂದರೆ 45 ದಿನದ ಒಳಗೆ ಹಣ ಕೊಡಬೇಕು, ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತೆ. ಹೋಂಸ್ಟೇಯವರ ಹತ್ತಿರ ಇದನ್ನು ಎತ್ತುವ ಪ್ರಸಂಗ ಬರಲಿಕ್ಕಿಲ್ಲ, ಕಂಪನಿಗಳ ಕೆಲಸ ಹಿಡಿದಾಗ ಬೇಕಾಗುತ್ತೆ. ಡಿಸೈನ್ ಹಕ್ಕು ಪೂರ್ತಿ ಹಣ ಬಂದ ಮೇಲೆ ಅವರಿಗೆ ಅನ್ನುವ ಸಾಲೂ ಇರಲಿ, 1957ರ ಕಾಪಿರೈಟ್ ಕಾಯ್ದೆಯಲ್ಲಿ ಹಕ್ಕು ಬಿಟ್ಟುಕೊಡುವುದು ಬರಹದಲ್ಲಿ, ಸಹಿ ಸಮೇತ ಆಗಬೇಕು.

ಇಷ್ಟೆಲ್ಲ ಕೇಳುವಾಗ ನಮ್ಮ ಕಡೆಯಿಂದಲೂ ಒಂದು ನಿಯತ್ತು ಬೇಕು. ಡೊಮೇನ್, ಅಂದರೆ ಸೈಟಿನ ವಿಳಾಸ, ಯಾವತ್ತೂ ಗ್ರಾಹಕರ ಹೆಸರಲ್ಲಿ, ಅವರ ಇಮೇಲ್‌ನಲ್ಲೇ ತೆಗೆಸಿ. ಅದನ್ನು ತಮ್ಮ ಹೆಸರಲ್ಲಿ ಇಟ್ಟುಕೊಂಡು ಗ್ರಾಹಕರ ಜುಟ್ಟು ಹಿಡಿಯುವವರು ಇದ್ದಾರೆ, ಅವರಿಂದಾಗಿಯೇ ಹೊಸಬರು ರೇಟ್ ಹೇಳಿದ ಕೂಡಲೇ ಜನ ಹಿಂದೆ ಸರಿಯುತ್ತಾರೆ. ಪಾಸ್‌ವರ್ಡ್ ಒಂದು ಹಾಳೆಯಲ್ಲಿ ಬರೆದು ಅವರ ಕೈಗೆ ಕೊಡಿ. ವರ್ಷದ ನಿರ್ವಹಣೆಗೆ ಬೇರೆ ಬಿಲ್ ಮಾಡಿ, ಮಳೆಗಾಲಕ್ಕೆ ಮೊದಲು ರೂಮ್ ರೇಟ್, ಫೋಟೊ ಬದಲಿಸಿ ಕೊಡುವುದು ಅದರಲ್ಲಿ ಸೇರಿದೆ ಅಂತ ಹೇಳಿ. ಬೇಡ ಅಂದರೆ ಬೇಡ, ಹಾಳೆ ಅವರ ಹತ್ತಿರವೇ ಇದೆಯಲ್ಲ, ಬೇರೆಯವರ ಹತ್ತಿರ ಮಾಡಿಸಿಕೊಳ್ಳಲಿ.